ಎರಡು ಸಾಲು ಅಕ್ಷರ ಕಾಯುವ ದೀಪಿಕ

ಬೆಳಗಿನ ಆರೂಕಾಲು. ಮದ್ದೂರಿನ ಪೇಟೆಬೀದಿಯಲ್ಲಿರುವ ಚಿಕ್ಕ ರಕ್ತಪರೀಕ್ಷಾ ಕೇಂದ್ರದ ಷಟರು ಅರ್ಧವಷ್ಟೇ ಮೇಲೆದ್ದಿದೆ. ಒಳಗೆ ದೀಪಿಕ, ಹಳ್ಳಿ ಶಿಬಿರಗಳಿಂದ ಬಂದ ರಕ್ತದ ಟ್ಯೂಬುಗಳನ್ನು ಸ್ಟ್ಯಾಂಡಿಗೆ ಸಿಕ್ಕಿಸುತ್ತಿದ್ದಾರೆ. ಆಮೇಲೆ ಕಂಪ್ಯೂಟರಿನಲ್ಲಿ ಎರಡು ಸಾಲು ಅಕ್ಷರ ಟೈಪು ಮಾಡಿ, ಗುಂಡಿ ಒತ್ತುತ್ತಾರೆ. 'ಸರಿ' ಎಂದು ಬಂದರೂ ನಂಬಿಕೆಯಿಲ್ಲ. ಮತ್ತೊಮ್ಮೆ ಒತ್ತುತ್ತಾರೆ.

ಶಿಬಿರದಲ್ಲಿ ಪರೀಕ್ಷೆಗೆ ರಕ್ತ ಕೊಟ್ಟವರಿಗೆ ತಲಾ ಒಂದು ಅಕ್ಷರ. ಎರಡು ಟ್ಯೂಬು ಕೊಟ್ಟವರ ಅಕ್ಷರ ಎರಡು ಸಲ ಬರುತ್ತದೆ. ಹೆಸರು ಗುಟ್ಟಾಗಿರಲೆಂದು ಕೇಂದ್ರದಲ್ಲಿ ಅದೇ ಟ್ಯೂಬುಗಳಿಗೆ ಬೇರೆ ಅಕ್ಷರದ ಚೀಟಿ ಅಂಟಿಸುತ್ತಾರೆ. ಅಲ್ಲಿ ಕ-ಗ-ಗ ಎಂದಿದ್ದದ್ದು ಇಲ್ಲಿ ಮ-ನ-ನ ಆಗಬಹುದು. ಮ-ನ-ರ ಆದರೆ ಒಬ್ಬರ ರಕ್ತ ಇಬ್ಬರದಾಯಿತು. ಮ-ಮ-ಮ ಆದರೆ ಇಬ್ಬರದು ಒಬ್ಬರದಾಯಿತು. ಶಿಬಿರದ ಸಾಲು, ಕೇಂದ್ರದ ಸಾಲು ಎರಡೂ ಒಂದೇ ಅಚ್ಚಿನಲ್ಲಿವೆಯೇ ಎಂದು ನೋಡಲು ದೀಪಿಕ ತಾವೇ ಕಂಪ್ಯೂಟರಿಗೆ ಕೆಲಸ ಹೇಳುವ ಒಂದು ಪುಟ್ಟ ಸ್ಕ್ರಿಪ್ಟ್ ಬರೆದುಕೊಂಡಿದ್ದಾರೆ.

"ಮದ್ವೆ ಇದ್ದಂಗೆ ಕಣ್ರೀ. ಈ ಕಡೆ ಒಬ್ರಿಗೆ ಆ ಕಡೆ ಒಬ್ರೇ" ಎನ್ನುತ್ತಾರೆ.

ಆತಗೂರಿನ ಒಕ್ಕಲು ಮನೆಯ ಈ ಸೊಸೆಗೆ ಈಗ ಮೂವತ್ತೊಂದು. ಪಿಯುಸಿ ಮುಗಿದ ವರ್ಷವೇ ಮದುವೆ, ಓದು ಅಲ್ಲಿಗೆ ನಿಂತಿತು. ದಿನಕ್ಕೆ ನೂರ ನಲವತ್ತು ಟ್ಯೂಬು, ಆರು ಸ್ಟ್ಯಾಂಡು. ಮೊದಲೆಲ್ಲ ಬೆರಳಿಟ್ಟು ನೋಡುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಕಣ್ಣು ಮಂಜಾಗುತ್ತಿತ್ತು. ಬಸ್ಸಿನಲ್ಲಿ ಕೂತು ಮೊಬೈಲ್ ನೋಡಿಯೇ ಸ್ಕ್ರಿಪ್ಟ್ ಬರೆಯಲು ಕಲಿತರು.

ಹೋದ ಆಷಾಢದ ಒಂದು ಮಧ್ಯಾಹ್ನ ಕೆಲಸ ಮುಗಿಸಿ ಊರಿನ ಬಸ್ಸು ಹತ್ತಿದ್ದರು. ಪಕ್ಕದಲ್ಲಿ ಕೂತ ನೆರೆಮನೆಯ ರಂಜಿತಳಿಗೆ ಈ ಮದುವೆಯ ಲೆಕ್ಕ ಹೇಳಿದರು. ರಂಜಿತ ನಕ್ಕು, "ಅಲ್ಲ ಕಣಕ್ಕ, ಇಬ್ರು ಗಂಡು ಬಂದು ಒಂದೇ ಎಣ್ಣು ಕೇಳುದ್ರೆ?" ಎಂದಳು.

ದೀಪಿಕ ನಗಲಿಲ್ಲ. ಅವರ ಸ್ಕ್ರಿಪ್ಟ್ ಒಂದೇ ಕಡೆಯಿಂದ ನೋಡುತ್ತಿತ್ತು. ಇಬ್ಬರಿಗೆ ಒಂದೇ ಚೀಟಿ ಅಂಟಿದ್ದರೂ ಅದು 'ಸರಿ' ಎಂದೇ ಹೇಳುತ್ತಿತ್ತು! ಮುಂದಿನ ಸ್ಟಾಪಿನಲ್ಲೇ ಇಳಿದು, ಕೇಂದ್ರದ ಮುಖ್ಯಸ್ಥ ಕಸ್ತೂರಿರಂಗ ಅವರಿಗೆ ಫೋನು ಹಚ್ಚಿದರು.

"ಸಾ, ಇವತ್ತಿನ ರಿಪೋರ್ಟು ಕಳುಸ್ಬ್ಯಾಡಿ!"

"ಕೆರಗೋಡಿನ ಶಿಬಿರದ್ದು ಹೋಗಿಬಿಟ್ಟಿತಲ್ಲಮ್ಮ. ಯಾಕೆ, ಏನಾಯ್ತು?"

ಆಟೋದಲ್ಲಿ ವಾಪಸು ಬಂದವರೇ ಸ್ಕ್ರಿಪ್ಟಿಗೆ ಆ ಕಡೆಯಿಂದಲೂ ನೋಡುವ ಮೂರು ಸಾಲು ಹೊಸದಾಗಿ ಸೇರಿಸಿದರು. ಅವಸರದಲ್ಲಿ ಎರಡು ಸಲ ತಪ್ಪು ಟೈಪಾಯಿತು. ಐದು ಸ್ಟ್ಯಾಂಡು ಸರಿಯಿದ್ದವು. ಕೆರಗೋಡಿನದಕ್ಕೆ ಕಂಪ್ಯೂಟರಿನ ತೆರೆ 'ತಪ್ಪು' ಎಂದಿತು. ಶಿಬಿರದ ಹೆಸರಿನ ಪಟ್ಟಿ ತೆಗೆಸಿ ನೋಡಿದರೆ, ಅರವತ್ತು ದಾಟಿದ ಚಿಕ್ಕಬೋರಮ್ಮನಿಗೂ ಏಳು ತಿಂಗಳ ಬಸುರಿ ಪ್ರಿಯಾಂಕಳಿಗೂ ಒಂದೇ ಅಕ್ಷರ. ಚೀಟಿ ಅಂಟಿಸಿದ್ದವರು ದೀಪಿಕ ಅವರೇ. ಚಿಕ್ಕಬೋರಮ್ಮನ ರಕ್ತದ ಅಂಶ, ಅಂದರೆ ಹಿಮೋಗ್ಲೋಬಿನ್, ಹನ್ನೆರಡು. ಅದೇ ಇಬ್ಬರ ಹೆಸರಿಗೂ ಹೋಗಿತ್ತು. ಸ್ಟ್ಯಾಂಡಿನಲ್ಲಿ ಇಟ್ಟ ಕ್ರಮದಿಂದ ಪ್ರಿಯಾಂಕಳ ಟ್ಯೂಬನ್ನು ಹುಡುಕಿ ಮತ್ತೆ ಪರೀಕ್ಷಿಸಿದರು. ಬಂದದ್ದು ಆರು, ಬಸುರಿಗೆ ಅಪಾಯದ ಮಟ್ಟ!

ಫೋನು ಎತ್ತಿದವರು ಪ್ರಿಯಾಂಕಳ ಮಾವ ನಾಗಯ್ಯ. "ಎಲ್ಲಾ ಚೆನ್ನಾಗದೆ ಅಂತ ಈಗ್ತಾನೆ ಮೊಬೈಲ್ಗೆ ಬಂತಲ್ಲವ್ವ?"

"ಅದು ಅವ್ರ ರಕ್ತದ್ದಲ್ಲ ಕಣಣ್ಣ. ತಪ್ಪು ನಂದು. ಬೈರಿ, ಬೈಸ್ಕತೀನಿ. ಈಗ್ಲೇ ಮಂಡ್ಯದ ಆಸ್ಪತ್ರೆಗೆ ಕರ್ಕೊಂಡೋಗಿ."

ನಾಗಯ್ಯ ಬೈದೂ ಬೈದರು, ಗಾಡಿಯನ್ನೂ ಹೊರಡಿಸಿದರು. ಅಂದೇ ಪ್ರಿಯಾಂಕಳಿಗೆ ರಕ್ತ ಏರಿಸಿದರು. ಎರಡು ತಿಂಗಳ ಮೇಲೆ ಹೆಣ್ಣುಮಗು ಹುಟ್ಟಿತು. ತಾಯಿ, ಮಗು ಇಬ್ಬರೂ ಗಟ್ಟಿಯಾಗಿದ್ದಾರೆ. ಇತ್ತ ದೀಪಿಕ ಹಿಂದಿನ ಮೂರು ತಿಂಗಳ ಸಾಲುಗಳನ್ನೆಲ್ಲ ಹೊಸ ಸ್ಕ್ರಿಪ್ಟಿಗೆ ಕೊಟ್ಟು ನೋಡಿದರು. ಬೇರೆ ಯಾವುದೂ ತಪ್ಪಿರಲಿಲ್ಲ.

"ಬೇರೆಯವರಾಗಿದ್ದರೆ ಮುಚ್ಚಿಹಾಕೋರು" ಎನ್ನುತ್ತಾರೆ ಕಸ್ತೂರಿರಂಗ. ಆ ಹೊಗಳಿಕೆ ದೀಪಿಕ ಅವರ ಕಿವಿಗೆ ಬಿದ್ದಂತೆ ಕಾಣುವುದಿಲ್ಲ. ಇನ್ನೂ ಯಾವ ತಪ್ಪು ತಮ್ಮ ಕಣ್ಣಿಗೆ ಬಿದ್ದಿಲ್ಲವೋ ಎಂಬುದೇ ಅವರ ದಿಗಿಲು. ನಿಮ್ಮ ಆಸೆಯೇನೆಂದು ಕೇಳಿದರೆ ತಡಮಾಡದೆ ಹೇಳುತ್ತಾರೆ:

"ತಿಳ್ದೋರು ಯಾರಾದ್ರೂ ಒಂದಿನ ಕೂತ್ಕೊಂಡು ನಾನ್ ಬರ್ದಿರೋದ ಓದ್ಬೇಕು. ಇಂಗಲ್ಲ ಕಣಮ್ಮ, ಇಲ್ಲಿ ತಪ್ಪದೆ ಅನ್ಬೇಕು. ಅಂಗಂದ್ರೆ ಒಸಿ ನೆಮ್ಮದಿಯಾಗಿ ಉಣ್ತೀನಿ."