ಅತ್ತೆಯ ಮೇಲೆ ಬಂದ ಅಪವಾದ

ಲೋಸಿಮಾನಿಗೆ ಕೆಮ್ಮು ಹತ್ತಿದೆ ಎಂಬುದನ್ನು ಟೋಂಗಾದ ಆ ಸಣ್ಣ ದ್ವೀಪದಲ್ಲಿ ಯಾರಿಗೂ ಹೇಳಬೇಕಾಗಿರಲಿಲ್ಲ. ಚರ್ಚಿನ ಹಾಡಿಗೆ ಮೊದಲ ಸಾಲು ಎತ್ತಿಕೊಡುವವಳೇ ಅವಳು. ಕಫವಿಲ್ಲ, ಜ್ವರವಿಲ್ಲ, ಬಾಯಿ ತೆರೆದರೆ ಸಾಕು, ಒಣ ಕೆಮ್ಮು. ಸಾಲು ಅರ್ಧಕ್ಕೇ ನಿಲ್ಲುತ್ತಿತ್ತು. ಹಿಂದಿನ ಬೆಂಚಿನ ಗಂಡಸರು ಬಾಯಿ ತೆರೆದುಕೊಂಡು ಕಾಯುತ್ತಿದ್ದರು. ಹೊಸ ಚರ್ಚು ತೆರೆಯುವ ದಿನ ಬೇರೆ ಹತ್ತಿರ ಬರುತ್ತಿತ್ತು. "ಅಷ್ಟರಲ್ಲಿ ಗುಣ ಆಗದಿದ್ರೆ ಬೇರೆ ಯಾರಾದ್ರೂ ಎತ್ತಲಿ," ಎಂದ ಮೇಳದ ಯಜಮಾನ ಮೊಸೆಸೆ. ಹಾಡು ಬಿಟ್ಟರೆ ಲೋಸಿಮಾನಿಗೆ ಬೇರೇನಿತ್ತು?

ದೊಡ್ಡಮ್ಮ ಫುಸಿ ಚಾಪೆ ಹೆಣೆಯುತ್ತಲೇ ತೀರ್ಪು ಕೊಟ್ಟಳು. "ಇದು ತೀರಿಹೋದ ನಿನ್ನ ಸೋದರತ್ತೆ ಮೆಲೆನೈತೆ ಕಣೇ. ಮಣ್ಣಲ್ಲಿ ಅವಳ ಕುತ್ತಿಗೆಗೆ ಯಾವುದೋ ಬೇರು ಸುತ್ಕೊಂಡಿದೆ. ಬಿಡಿಸಿ ಅಂತ ನಿನ್ನ ಗಂಟಲು ಹಿಡ್ದಿದ್ದಾಳೆ."

"ಅತ್ತೆ ನನಗ್ಯಾಕೆ ಹಿಂಗೆ ಮಾಡ್ತಾಳೆ ದೊಡ್ಡಮ್ಮ? ಹಾಡು ಕಲಿಸಿದ್ದೇ ಅವಳು."

"ಅದಕ್ಕೇ ನಿನ್ನ ಹಿಡ್ದಿರೋದು. ನನ್ನ ಹಿಡಿದ್ರೆ ಯಾರಿಗೆ ಗೊತ್ತಾಗುತ್ತೆ? ನನ್ನ ದನಿ ಮೊದ್ಲೇ ಹಂಗಿದೆ."

ಗೋರಿ ಅಗೆದರು. ಬೇರು ಸಿಕ್ಕೇಬಿಟ್ಟಿತು. ಪಕ್ಕದಲ್ಲೇ ದೀವಿಹಲಸಿನ ಮರವಿದ್ದ ಮೇಲೆ ಇನ್ನೇನು ಸಿಗಬೇಕು ಹೇಳಿ! ಅದನ್ನು ಕಡಿದು, ಮೂಳೆಗಳಿಗೆ ಪರಿಮಳದ ಕೊಬ್ಬರಿ ಎಣ್ಣೆ ಸವರಿ, ಹೊಸ ನಾರುಬಟ್ಟೆಯಲ್ಲಿ ಸುತ್ತಿ ಮಲಗಿಸಿ, ಮೇಲೆ ಬಿಳಿ ಮರಳು ಹರವಿದರು. ಲೋಸಿಮಾನಿ ಅಲ್ಲೇ ನಿಂತು ಕೆಮ್ಮಿದಳು.

ಬಿ.ಪಿ. ಮಾತ್ರೆ ಮುಗಿದಿದ್ದರಿಂದ ಅವಳು ಆಸ್ಪತ್ರೆಗೆ ಹೋದಳು. "ಮಾತ್ರೆಯಿಂದ ಏನಾದ್ರೂ ತೊಂದ್ರೆ ಇದ್ಯಾ ಅಕ್ಕಾ?" ಎಂದು ನರ್ಸ್ ಕಲೊಲೈನೆ ಪ್ರತಿ ಸಲದಂತೆ ಕೇಳಿದಳು. ಪ್ರತಿ ಸಲದಂತೆ ಲೋಸಿಮಾನಿ ನಕ್ಕು, "ಎಲ್ಲಾ ಚೆನ್ನಾಗಿದೆ" ಎಂದಳು. ಕೊಟ್ಟದ್ದನ್ನು ದೂರಿದರೆ ಕೊಟ್ಟವರ ಮುಖ ಚಿಕ್ಕದಾಗುವುದಿಲ್ಲವೇ? ಆದರೆ ಈ ಸಲ ಮಾತಿನ ಹಿಂದೆಯೇ ಕೆಮ್ಮು ಬಂತು.

"ಇದು ಯಾವಾಗಿಂದ?"

"ಈ ಮಾತ್ರೆ ಶುರುವಾದ ಮೇಲೆ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ ಬಿಡು, ಇದು ನಮ್ಮತ್ತೇದು."

"ಅತ್ತೇದಲ್ಲ ಅಕ್ಕಾ, ಮಾತ್ರೇದು. ಕೆಲವರಿಗೆ ಇದು ಒಣ ಕೆಮ್ಮು ತರಿಸುತ್ತೆ. ನೀನಾಗಿ ನಿಲ್ಲಿಸ್ಬೇಡ, ಡಾಕ್ಟ್ರಿಗೆ ಹೇಳಿ ಬೇರೆ ಬರೆಸ್ತೀನಿ. ಪ್ರತಿ ಸಲ ಕೇಳ್ತಿದ್ನಲ್ಲ, ಒಂದು ಮಾತು ಹೇಳ್ಬಾರ್ದಿತ್ತಾ?"

"ನೀನು ಬೇಜಾರು ಮಾಡ್ಕೊಂತೀಯ ಅಂತ."

ಮಾತ್ರೆ ಬದಲಾಯಿತು. ಕೆಲವು ವಾರಗಳಲ್ಲಿ ಕೆಮ್ಮು ತಾನಾಗಿ ಇಳಿಯಿತು. "ನೋಡಿದ್ರಾ, ಬೇರು ಕಡಿದದ್ದು ನಿಧಾನಕ್ಕೆ ಕೆಲ್ಸ ಮಾಡ್ತು," ಎಂದು ಫುಸಿ ಊರೆಲ್ಲ ಸಾರಿಕೊಂಡು ಬಂದಳು.

ಹೊಸ ಚರ್ಚು ತೆರೆಯುವ ಬೆಳಿಗ್ಗೆ ಲೋಸಿಮಾನಿ ಒಬ್ಬಳೇ ಗೋರಿಯ ಹತ್ತಿರ ಹೋಗಿ ಕೂತಳು.

"ಅತ್ತೇ, ನೆಮ್ಮದಿಯಾಗಿ ಮಲಗಿದ್ದವಳನ್ನ ಎಬ್ಬಿಸಿಬಿಟ್ವಿ. ನರ್ಸ್ ಮುಂದೆ ನಾನು ಬಾಯಿ ಬಿಡದೆ ಇದ್ದದ್ದಕ್ಕೆ ನೀನು ಮಾತು ಕೇಳ್ಬೇಕಾಯ್ತು."

ಅಂದು ಚರ್ಚಿನಲ್ಲಿ ಎತ್ತಬೇಕಾಗಿದ್ದ ಸಾಲನ್ನು ಅವಳು ಮೊದಲು ಅತ್ತೆಗೇ ಹಾಡಿದಳು, ಕೊನೆಯ ತನಕ. ಆಮೇಲೆ ಎದ್ದು, ಕೂತ ಜಾಗದ ಮರಳನ್ನು ಕೈಯಿಂದ ಸಮ ಮಾಡಿದಳು.