ಚಿತ್ತಾಪುರದ ಎಣ್ಣೆ ಅಂಗಡಿಯಲ್ಲಿ ಸಾಕ್ಷಿ

ನಾನು ಆಹಾರ ನಿರೀಕ್ಷಕನಾಗಿದ್ದಾಗ ಚಿತ್ತಾಪುರದ ಅಂಗಡಿಯೊಂದರಲ್ಲಿ ಕಲಬೆರಕೆಯ ಗುಮಾನಿಯಿಂದ ಕುಸುಬಿ ಎಣ್ಣೆಯ ಮಾದರಿ ತೆಗೆದು, ಮೂರು ಬಾಟಲಿಗೆ ಅರಗಿನ ಮುದ್ರೆ ಒತ್ತಿದೆ. ಮಾದರಿ ತೆಗೆದ ಕಾಗದಕ್ಕೆ ಹೊರಗಿನವರೊಬ್ಬರ ಸಾಕ್ಷಿ ಸಹಿ ಬೇಕಿತ್ತು. ಅಲ್ಲಿಯವರೆಗೆ ಕತ್ತು ಚಾಚಿ ನೋಡುತ್ತಿದ್ದ ಗಿರಾಕಿಗಳೆಲ್ಲ ಚಪ್ಪಲಿ ಹುಡುಕತೊಡಗಿದರು.

ಆಗ ಒಳಗಿನಿಂದ ಅಂಗಡಿಯವನ ಹೆಂಡತಿಯೇ ಬಂದಳು.

"ಕಾಗದ ಕೊಡ್ರಿ ಸಾಹೇಬ್ರ, ನಾ ಹೆಬ್ಬಟ್ಟು ಒತ್ತತೀನಿ. ಈ ಎಣ್ಣಿ ನಮ್ಮ ಮನಿ ಒಲಿ ಮ್ಯಾಲ ಇಡಲಿಕ್ಕ ಇವರು ಬಿಡಂಗಿಲ್ರಿ."

"ನಡೀ ಒಳಗ!" ಗಂಡ ಹಲ್ಲು ಕಡಿದ.

"ಮನೆಯವರ ಸಾಕ್ಷಿ ನಡೆಯೋದಿಲ್ಲಮ್ಮ," ಎಂದೆ.

"ಮತ್ತ ನಡೆಯೋರು ಎಲ್ಲಿದ್ದಾರ್ರಿ?"

ನಾನು ಬಾಟಲಿ ಎತ್ತಿಕೊಂಡು ಬಸ್ಸು ಹತ್ತಿದೆ. ಆಕೆ ಗಂಡನ ಹಿಂದೆ ಒಳಗೆ ಹೋದಳು. ಸಾಕ್ಷಿಯಿಲ್ಲದ ಕೇಸು ಕೋರ್ಟಿನಲ್ಲಿ ಬಿದ್ದುಹೋಯಿತು.

ಸಹಿಗೆ ಯಾರೂ ಮುಂದೆ ಬರಲಿಲ್ಲವೆಂದು ವರದಿ ಬರೆದವನು ನಾನೇ. ನಿಯಮದ ಪ್ರಕಾರ ಅದು ಸುಳ್ಳೂ ಅಲ್ಲ.