ಖುರ್ಷಿದಾ ನೆಟ್ಟ ತುಂಬೆ

ಆಳಂದದ ಬಸ್ ಸ್ಟ್ಯಾಂಡಿನ ಹೊರಗೆ ಹೂ ಕಟ್ಟುವ ಖುರ್ಷಿದಾಳಿಗೆ ಕೊಯ್ದ ಹೂವಿನ ಬಗ್ಗೆ ಯಾರೂ ಪಾಠ ಹೇಳಬೇಕಿಲ್ಲ. ಮದುಮಗನ ಮುಖಕ್ಕೆ ಇಳಿಬಿಡುವ ಸೆಹರಾಕ್ಕೆಂದು ಅವಳು ದಾರದ ಸುತ್ತಲೂ ಮಲ್ಲಿಗೆ ಕೂಡಿಸಿ ಗಂಟು ಬಿಗಿದರೆ ಒಂದು ಎಸಳೂ ಅಲುಗುವುದಿಲ್ಲ. ಆದರೆ ಬೇರಿರುವ ಗಿಡದ ಜೊತೆ ಅವಳಿಗೆ ಬಳಕೆಯೇ ಇರಲಿಲ್ಲ.

ಹೋದ ಮುಂಗಾರಿನಲ್ಲಿ ಗಂಡ ಮುಸ್ತಕೀಮ ತೀರಿಕೊಂಡ. ಗೋರಿಯ ಮೇಲೆ ಘಮಘಮಿಸುವ ಸಬ್ಜಾ ಗಿಡ ಬೆಳೆಸುವುದು ಅವರ ಓಣಿಯ ಪದ್ಧತಿ. ಖುರ್ಷಿದಾ ಹೊಲವೊಂದರ ಬದುವಿನಿಂದ ಸಬ್ಜಾ ಎಂದೇ ಸಸಿ ಕಿತ್ತು ತಂದು ಕೈಯಾರೆ ನೆಟ್ಟಳು. ಅತ್ತು ಅತ್ತು ಮೂಗು ಕಟ್ಟಿತ್ತು. ಎಲೆ ತಿಕ್ಕಿ ಮೂಸಿ ನೋಡಬೇಕೆಂಬುದು ಹೊಳೆಯಲೇ ಇಲ್ಲ.

ಶ್ರಾವಣದಲ್ಲಿ ಗಿಡ ಹೂಬಿಟ್ಟಿತು. ಸಬ್ಜಾದ ಉದ್ದನೆಯ ತೆನೆ ಎಲ್ಲಿಂದ ಬರಬೇಕು! ಗೆಣ್ಣು ಗೆಣ್ಣಿಗೂ ಕಾಂಡವನ್ನು ಬಳಸಿದ ಹಸಿರು ಗುಂಡು, ಅದರ ಸುತ್ತ ಬಿಳಿ ಹೂ. ಅಪ್ಪಟ ತುಂಬೆ.

"ಹೂ ಮಾರಾಕಿ ಗಂಡನ ಮ್ಯಾಲ ಕಳೆ ಬೆಳಸ್ಯಾಳ," ಎಂದು ನೆರೆಮನೆಯ ಅಖ್ತರಬೇಗಂ ಓಣಿಗೆಲ್ಲ ಸಾರಿದಳು. ಖುರ್ಷಿದಾಳಿಗೆ ತಲೆ ಎತ್ತಿ ತಿರುಗಾಡುವುದೇ ಕಷ್ಟವಾಯಿತು.

ಪಕ್ಕದಲ್ಲಿ ಬಾಳೆಹಣ್ಣು ಮಾರುವ ಮಲ್ಕಮ್ಮ ಮಾತ್ರ, "ನಮ್ಮ ಶಿವನ ಹೂ ಅದ. ಇರ್ಲಿ ಬಿಡಬೇ, ನಿಮ್ಮ ಮನಿಯವ್ರೇನು ಬ್ಯಾಡ ಅಂತಾರ?" ಎಂದಳು.

ಕಿತ್ತುಹಾಕಬೇಕೆಂದು ಖುರ್ಷಿದಾ ಎರಡು ಸಲ ಹೋದಳು. ಗಂಡನ ಎದೆಯ ಮೇಲೆ ಬೇರುಬಿಟ್ಟದ್ದನ್ನು ಕೀಳಲು ಕೈ ಬರಲಿಲ್ಲ.

ಆಮೇಲೆ ಹಿಡಿದ ಮಳೆ ಬಿಡಲೇ ಇಲ್ಲ. ಖಬರಸ್ತಾನದ ಮಣ್ಣಿನ ಗೋರಿಗಳು ಕರಗಿ ನೆಲಸಮವಾದವು. ಉದುರಿದ ಸಬ್ಜಾ ಬೀಜ ಎಲ್ಲೆಂದರಲ್ಲಿ ಮೊಳೆತು, ಯಾರು ಎಲ್ಲಿ ಮಲಗಿದ್ದಾರೆಂದೇ ತಿಳಿಯದಾಯಿತು. ಅಷ್ಟರಲ್ಲಿ ಓಣಿಯಲ್ಲಿ ಇನ್ನೊಂದು ಸಾವು. ಗೋರಿ ತೋಡುವ ಲಾಡ್ಲೆಸಾಬ ಆಗಲೇ ಜಾಗ ಹುಡುಕುತ್ತಿದ್ದಾನೆಂದು ಫೋನು ಬಂದಾಗ ಖುರ್ಷಿದಾ ಅರ್ಧ ಕಟ್ಟಿದ ಮಾಲೆ ಬಿಟ್ಟು ಓಡಿದಳು. ಗಂಡನ ಮೈಗೆ ಗುದ್ದಲಿ ತಾಗಿದರೆ ಏನು ಗತಿ?

"ನನಗೂ ಗುರ್ತ ಹತ್ತವಲ್ದು ಬೇಟಿ," ಎಂದ ಮುದುಕ, ಗುದ್ದಲಿ ಎತ್ತುತ್ತ. "ಇಲ್ಲಿ ಖಾಲಿ ಅದ ಅನಸ್ತದ."

ಅವನ ಕಾಲ ಬುಡದಲ್ಲೇ, ಸಬ್ಜಾದ ಹಸಿರಿನ ನಡುವೆ, ಮಳೆಗೆ ಬಾಗಿದ ಒಂದೇ ಒಂದು ಗಿಡ. ಅವಳು ದಾರಕ್ಕೆ ಹೂ ಕಟ್ಟುವ ಹಾಗೆಯೇ ಸುತ್ತಿನ ಮೇಲೆ ಸುತ್ತು, ಬಿಳಿ ಹೂ.

"ಅಗೀಬ್ಯಾಡ್ರಿ ಚಾಚಾ! ಅಲ್ಲಿ ನಮ್ಮವರು ಮಲಗ್ಯಾರ!"

ಮುದುಕ ಎತ್ತಿದ ಗುದ್ದಲಿಯನ್ನು ಪಕ್ಕಕ್ಕಿಟ್ಟ. ಖುರ್ಷಿದಾ ಕೆಸರಿನಲ್ಲೇ ಕೂತು, ಯಾರು ನೋಡಿದರೇನೆಂದು ಬಾಯಿಬಿಟ್ಟು ಅತ್ತಳು.

ಈ ವರ್ಷ ಮೊದಲ ಮಳೆಯಾದ ಮೇಲೆ ಅಖ್ತರಬೇಗಂ ತಾನಾಗಿ ಒಂದು ಹಿಡಿ ಸಬ್ಜಾ ಬೀಜ ತಂದುಕೊಟ್ಟಳು. ಖುರ್ಷಿದಾ ಆ ಕೈಯನ್ನು ಮೆಲ್ಲಗೆ ಮಡಚಿದಳು.

"ಬ್ಯಾಡ ಆಪಾ. ಸಬ್ಜಾ ಎಲ್ಲಾರ ಮ್ಯಾಲೂ ಅದ. ನಮ್ಮವರನ್ನ ಹುಡುಕಾಕ ನನಗ ತುಂಬೇನ ಬೇಕು."